ಅಲ್ಲಿ 2.3, ಇಲ್ಲೂ 2.3

2011ರ ಏಪ್ರಿಲ್ 1. ಇಂಗ್ಲೆಂಡಿನ ಲಂಕಾಶೈರ್‌ನಲ್ಲಿ, ಬ್ಲ್ಯಾಕ್‌ಪೂಲ್ ಹತ್ತಿರ ಭೂಮಿ ಸಣ್ಣಗೆ ನಡುಗಿತು. ತೀವ್ರತೆ 2.3.

2022ರ ಜೂನ್ 25. ನಮ್ಮ ಕೊಡಗು-ಸುಳ್ಯ ಗಡಿಯಲ್ಲಿ ಭೂಮಿ ನಡುಗಿತು. ತೀವ್ರತೆ ಅಷ್ಟೇ, 2.3. ಮೂರು ದಿನ ಬಿಟ್ಟು ಮತ್ತೆ ಕಂಪನ, ಈ ಸಲ 3.0. ಕೇಂದ್ರ ಚೆಂಬು. ಅಲ್ಲಿಂದ ಕಲ್ಲುಗುಂಡಿ ಪೇಟೆ ಕೂಗಳತೆ ದೂರ. ಸಂಪಾಜೆ, ಗೂನಡ್ಕ, ಅರಂತೋಡು ಭಾಗದ ಜನ ನೆಲದೊಳಗಿನ ಸದ್ದು ಕೇಳಿ ಅಂಗಳಕ್ಕೆ ಓಡಿ ಬಂದರು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಎರಡಕ್ಕೂ ಕಾರಣ ಒಂದೇ ಅಲ್ಲ. ನಮ್ಮದು ಪ್ರಕೃತಿಯದ್ದು. ಅವರದ್ದು ಮನುಷ್ಯ ಮಾಡಿದ್ದು. ನೆಲದಾಳದ ಶೇಲ್ ಎಂಬ ಪದರಗಲ್ಲಿಗೆ ಭಾರೀ ಒತ್ತಡದಲ್ಲಿ ನೀರು, ಮರಳು, ಒಂದಿಷ್ಟು ರಾಸಾಯನಿಕ ನುಗ್ಗಿಸಿ, ಕಲ್ಲು ಬಿರಿಸಿ, ಒಳಗೆ ಸಿಕ್ಕಿಕೊಂಡಿರುವ ಗ್ಯಾಸ್ ಹೊರಗೆ ತೆಗೆಯುವ ಕೆಲಸ. ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್, ಚಿಕ್ಕದಾಗಿ ಫ್ರ್ಯಾಕಿಂಗ್.

ಆ 2.3ರ ನಂತರ ಬ್ರಿಟನ್ನಿನಲ್ಲಿ ಏನಾಯ್ತು ನೋಡಿ. ಮೇ ಕೊನೆಯಲ್ಲಿ ಇನ್ನೊಂದು ಕಂಪನ, 1.5. ಕೆಲಸ ನಿಂತಿತು. ಸರ್ಕಾರ ತಜ್ಞರನ್ನು ಕೂರಿಸಿತು. 2012ರ ಡಿಸೆಂಬರ್‌ನಲ್ಲಿ ಮತ್ತೆ ಅನುಮತಿ ಕೊಟ್ಟಾಗ ಜೊತೆಗೊಂದು ಟ್ರಾಫಿಕ್ ಸಿಗ್ನಲ್ ಇಟ್ಟಿತು. ಕಂಪನ 0.5 ಮುಟ್ಟಿದರೆ ಕೆಂಪು ದೀಪ, ಪಂಪ್ ಬಂದ್. 0.5 ಅಂದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತು. ಎಂಜಿನಿಯರಿಂಗ್ ಓದಿದವನು ನಾನು, ಈ ಲೆಕ್ಕ ಬಿಡಿಸದೆ ಮುಂದೆ ಹೋಗಲಾರೆ. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಅಲುಗಾಟ ಹತ್ತು ಪಟ್ಟು. 0.5ಕ್ಕಿಂತ 2.9ರಲ್ಲಿ ನೆಲದ ಅಲುಗಾಟ ಸುಮಾರು 250 ಪಟ್ಟು ಹೆಚ್ಚು.

2.9 ಯಾಕೆ ಹೇಳಿದೆ? 2019ರ ಆಗಸ್ಟ್ 26ರಂದು ಅದೇ ಲಂಕಾಶೈರ್‌ನ ಪ್ರೆಸ್ಟನ್ ನ್ಯೂ ರೋಡ್ ಬಾವಿಯ ಬಳಿ ದಾಖಲಾದದ್ದು ಅಷ್ಟು. ನವೆಂಬರ್‌ನಲ್ಲಿ ಸರ್ಕಾರ ಇಂಗ್ಲೆಂಡಿನಾದ್ಯಂತ ಫ್ರ್ಯಾಕಿಂಗ್ ನಿಲ್ಲಿಸಿತು. ಫ್ರಾನ್ಸ್ 2011ರಲ್ಲೇ ಕಾನೂನು ಮಾಡಿ ನಿಷೇಧಿಸಿತ್ತು. ಬ್ರಿಟನ್ನಿನ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಉಕ್ರೇನ್ ಯುದ್ಧ ಬಂತು, ಗ್ಯಾಸ್ ಬೆಲೆ ಏರಿತು. 2022ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಲಿಜ್ ಟ್ರಸ್ ತಡೆ ತೆಗೆದರು. ಅಕ್ಟೋಬರ್ 19ರಂದು ವಿರೋಧ ಪಕ್ಷದ ನಿರ್ಣಯ ಸಂಸತ್ತಿನಲ್ಲಿ ಮತಕ್ಕೆ ಬಂತು. ಸರ್ಕಾರ ಗೆದ್ದಿತು, 326-230. ಆದರೆ ಆ ರಾತ್ರಿ ಆಡಳಿತ ಪಕ್ಷದೊಳಗೆ ಎಂಥಾ ರಂಪ ಆಯ್ತೆಂದರೆ ಮರುದಿನ ಟ್ರಸ್ ರಾಜೀನಾಮೆ ಘೋಷಿಸಿದರು. ಅದೊಂದೇ ಕಾರಣ ಅಲ್ಲ, ಅವರ ಬಜೆಟ್ ಆಗಲೇ ಅವರನ್ನು ಅರ್ಧ ಮುಗಿಸಿತ್ತು. ಮುಂದೆ ಬಂದ ರಿಷಿ ಸುನಕ್ ಒಂದೇ ವಾರದಲ್ಲಿ ತಡೆ ವಾಪಸ್ ತಂದರು.

ಸರಿ, ಕಲ್ಲುಗುಂಡಿಗೆ ಇದೆಲ್ಲಾ ಯಾಕೆ ಬೇಕು ಅಂತ ಕೇಳ್ತೀರಿ. ಸಂಪಾಜೆ ಘಾಟಿಯ ಈ ಮಗ್ಗುಲಲ್ಲಿ ಬಿದ್ದ ಮಳೆ ಪಯಸ್ವಿನಿಯಾಗಿ ಕಲ್ಲುಗುಂಡಿ, ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತೆ. ಆ ಮಗ್ಗುಲಿನ ಮಳೆ ಕಾವೇರಿ. ಆ ಕಾವೇರಿಯ ತುದಿಯಲ್ಲಿ, ತಂಜಾವೂರು-ತಿರುವಾರೂರು ಬಯಲಿನಲ್ಲಿ, ನಮ್ಮ ದೇಶದ ಫ್ರ್ಯಾಕಿಂಗ್ ಜಗಳದ ದೊಡ್ಡ ಅಧ್ಯಾಯ ನಡೆದದ್ದು. ಕೇಂದ್ರ 2013ರಲ್ಲಿ ಶೇಲ್ ಗ್ಯಾಸ್ ನೀತಿ ತಂದು ಸರ್ಕಾರಿ ತೈಲ ಕಂಪನಿಗಳಿಗೆ ಅನುಮತಿ ಕೊಟ್ಟಿತು, 2018ರಲ್ಲಿ ಬಾಗಿಲನ್ನು ಇನ್ನಷ್ಟು ತೆರೆಯಿತು. ಡೆಲ್ಟಾದ ರೈತರು ಮೀಥೇನ್ ಯೋಜನೆಯ ಕಾಲದಿಂದಲೂ ಬೀದಿಯಲ್ಲಿದ್ದರು. 2020ರ ಫೆಬ್ರವರಿಯಲ್ಲಿ ತಮಿಳುನಾಡು ವಿಧಾನಸಭೆ ಡೆಲ್ಟಾವನ್ನು ಸಂರಕ್ಷಿತ ಕೃಷಿ ವಲಯ ಮಾಡಿತು. ಶೇಲ್ ಗ್ಯಾಸ್ ಸೇರಿದಂತೆ ಹೊಸ ತೈಲ, ಅನಿಲ ಕೊರೆತಕ್ಕೆ ಅಲ್ಲಿ ಜಾಗವಿಲ್ಲ. ಹಳೆಯ ಬಾವಿಗಳು ಮಾತ್ರ ಉಳಿದುಕೊಂಡವು.

ನಮ್ಮ ಕಲ್ಲು ಬೇರೆ. ಸುಳ್ಯದ ಕೆಳಗಿರುವುದು ಗಟ್ಟಿ ಹಳೆಯ ಶಿಲೆ, ಗ್ಯಾಸ್ ಹುಡುಕಿಕೊಂಡು ಯಾರೂ ಬರಲ್ಲ. ಆದರೆ ಕಲ್ಲು ಬಿರಿಸುವ ವಿದ್ಯೆ ನಮಗೆ ಹೊಸದೇನಲ್ಲ. ಗ್ರಾಮೀಣ ಕುಡಿಯುವ ನೀರಿನ ಯೋಜನೆಗಳಲ್ಲಿ ಬತ್ತಿದ ಬೋರ್‌ವೆಲ್‌ಗೆ ಒತ್ತಡದಲ್ಲಿ ನೀರು ನುಗ್ಗಿಸಿ ಬಿರುಕು ಅಗಲ ಮಾಡುವ ಕ್ರಮ ಇದೆ. ಅದರಲ್ಲಿ ರಾಸಾಯನಿಕ ಇಲ್ಲ, ಪ್ರಮಾಣವೂ ಸಣ್ಣದು. ಹೆದರಬೇಕಾದ್ದು ಅದಕ್ಕಲ್ಲ. ಹೆದರಬೇಕಾದ್ದು ರಿಗ್ ಲಾರಿಗೆ.

ಈ ಸೀಮೆಯವರು ನೀರು ಹುಡುಕುತ್ತಿದ್ದುದು ಅಡ್ಡಕ್ಕೆ. ಗುಡ್ಡದ ಹೊಟ್ಟೆಗೆ ಪಿಕ್ಕಾಸಿನಲ್ಲಿ ಸುರಂಗ ಕೊರೆದರೆ ನೀರು ತಾನಾಗಿ ತೋಟಕ್ಕೆ ಹರಿದು ಬರುತ್ತಿತ್ತು, ಪಂಪೂ ಬೇಡ, ಕರೆಂಟೂ ಬೇಡ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹಾಗೆ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಬೋರ್‌ವೆಲ್ ಬಂದ ಮೇಲೆ ಹುಡುಕಾಟ ಕೆಳಕ್ಕೆ ತಿರುಗಿತು. ಪಕ್ಕದ ತೋಟದವರು ಮುನ್ನೂರು ಅಡಿ ಇಳಿದರೆ ನಾವು ನಾನೂರು.

ಕಾನೂನು? 1882ರ ಬ್ರಿಟಿಷರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ನಿಮ್ಮ ಜಾಗದ ಅಡಿಯ ನೀರು ತೆಗೆಯುವ ಹಕ್ಕು ನಿಮ್ಮದು. ಕೈಯಲ್ಲಿ ಬಾವಿ ತೋಡುವ ಕಾಲದ ಮಾತು ಅದು. ಕರ್ನಾಟಕ 1999ರಲ್ಲಿ ಮೊದಲ ಬೇಲಿ ಹಾಕಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯುವ ಹಾಗಿಲ್ಲ. 2011ರಲ್ಲಿ ಅಂತರ್ಜಲ ಕಾಯ್ದೆ ಬಂತು. ಬ್ಲ್ಯಾಕ್‌ಪೂಲ್ ನಡುಗಿದ ವರ್ಷವೇ! ರಿಗ್‌ಗಳಿಗೆ ನೋಂದಣಿ, ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ. ಆ ಪಟ್ಟಿಯಲ್ಲಿ ಹೆಚ್ಚಿನವು ಬಯಲುಸೀಮೆಯವು. ಮಲೆನಾಡಿಗೆ ಮಳೆ ಇದೆಯಲ್ಲ, ಅಲ್ಲಿಗೇನು ಅವಸರ ಅನ್ನುವ ಧಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಜನ ಕಲ್ಲುಗುಂಡಿಯ ಪರಿಹಾರ ಕೇಂದ್ರಕ್ಕೆ ಇಳಿದು ಬಂದದ್ದು, 2022ರ ಕಂಪನಗಳ ಬೆನ್ನಲ್ಲೇ ಆಗಸ್ಟ್‌ನಲ್ಲಿ ಕಲ್ಲುಗುಂಡಿ ಪೇಟೆಗೆ ಪ್ರವಾಹ ನುಗ್ಗಿದ್ದು ಆ ಧಾಟಿಗೆ ಉತ್ತರ ಕೊಟ್ಟಿವೆ. 2018ರ ಕುಸಿತಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿದ್ದು ಇಳಿಜಾರು ಕಡಿದ ರೀತಿಗೆ.

ಅಂದಮೇಲೆ ಕಸ್ತೂರಿರಂಗನ್ ವರದಿಗೆ ಈ ಭಾಗದ ಜನ ಸುಮ್ಮನೆ ವಿರೋಧ ಮಾಡ್ತಾರಾ? ಇಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಹಾಗೆ ಹೇಳೋದು ಸುಲಭ. 2014ರಿಂದ ಆರು ಕರಡು ಅಧಿಸೂಚನೆ ಬಂದವು, ಅಂತಿಮ ಒಂದೂ ಆಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಅಡಿಕೆ ತೋಟದ ಯಜಮಾನನಿಗೆ ನಾಳೆ ಮನೆ ಕಟ್ಟಬಹುದೋ ಇಲ್ಲವೋ ಅಂತ ಹತ್ತು ವರ್ಷ ಯಾರೂ ನಿಖರವಾಗಿ ಹೇಳದಿದ್ದರೆ ಅವನು ಎಲ್ಲಾ ನಿಯಮಕ್ಕೂ ಬೇಡ ಅಂತಾನೆ. ಬ್ರಿಟನ್ನಿನ ಹಳ್ಳಿಯವನಿಗೆ ಕನಿಷ್ಠ ಜಗಳ ಆಡಲು ಒಂದು ಅಂಕಿ ಇತ್ತು. 0.5 ಸಾಕೋ, ಸಾಲದೋ? 2015ರ ಅಲ್ಲಿನ ಕಾನೂನಿನಲ್ಲಿ ಆಳಕ್ಕೂ ಅಂಕಿ ಇದೆ. 1,000 ಮೀಟರಿಗಿಂತ ಮೇಲಿನ ಪದರದಲ್ಲಿ ಫ್ರ್ಯಾಕಿಂಗ್ ಮಾಡುವಂತಿಲ್ಲ, ಕುಡಿಯುವ ನೀರಿನ ರಕ್ಷಿತ ಪ್ರದೇಶದಲ್ಲಾದರೆ 1,200. ನಮ್ಮ 1999ರ 500 ಮೀಟರ್ ಅಳೆಯುವುದು ನೆಲದ ಮೇಲೆ, ಅಡ್ಡಕ್ಕೆ. ರಿಗ್ ಇಳಿಯುವುದು ಕೆಳಕ್ಕೆ.