ಕೀಲಿಮಣೆ ಯಾವ ವಿಂಡೊದ ಪಾಲಿಗೆ?

ನೀವು ಗಣಕದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕಣ್ಣು ಕೈಬರಹದ ಪ್ರತಿಯ ಮೇಲಿದೆ. ತಲೆಯೆತ್ತಿ ನೋಡಿದರೆ ಕೊನೆಯ ಎರಡು ಸಾಲುಗಳೇ ಇಲ್ಲ! ನಡುವೆ ಬೇರಾವುದೋ ತಂತ್ರಾಂಶದ ವಿಂಡೊ ಮುಂದೆ ಬಂದು ಆ ಅಕ್ಷರಗಳನ್ನು ನುಂಗಿದೆ. ಸಾಲು ಹೋದರೆ ಮತ್ತೆ ಟೈಪ್ ಮಾಡಬಹುದು. ಆದರೆ ನೀವು ಒತ್ತಿದ ಎಂಟರ್ ಕೀಲಿ ಅಲ್ಲಿದ್ದ 'ಅಳಿಸಲೇ?' ಎಂಬ ಪ್ರಶ್ನೆಗೆ ಒಪ್ಪಿಗೆಯಾಗಿದ್ದರೆ? ನಿಮ್ಮ ಪಾಸ್‌ವರ್ಡ್ ಚಾಟ್ ವಿಂಡೊಗೆ ಹೋಗಿದ್ದರೆ?

ತೆರೆಯ ಮೇಲೆ ಹತ್ತು ವಿಂಡೊಗಳಿದ್ದರೂ ಕೀಲಿಮಣೆ ಒಂದೇ. ಅದರ ಅಕ್ಷರಗಳನ್ನು ಪಡೆಯುವ ಹಕ್ಕಿಗೆ 'ಫೋಕಸ್' ಎಂದು ಹೆಸರು. ವಿಂಡೋಸ್ 95ರಲ್ಲಿ ಹಿನ್ನೆಲೆಯಲ್ಲಿರುವ ತಂತ್ರಾಂಶವೂ 'ಸೆಟ್‌ಫೋರ್‌ಗ್ರೌಂಡ್‌ವಿಂಡೊ' ಎಂಬ ಆದೇಶದಿಂದ ಇದನ್ನು ಕಸಿದುಕೊಳ್ಳಬಹುದಿತ್ತು. ವಿಂಡೋಸ್ 98 ಮತ್ತು 2000 ಇದಕ್ಕೆ ಬೀಗ ಹಾಕಿದವು. ನೀವು ಕೆಲಸದಲ್ಲಿ ತೊಡಗಿರುವಾಗ ಹಿಂದಿನ ತಂತ್ರಾಂಶ ಮುಂದೆ ಬರಲು ಯತ್ನಿಸಿದರೆ ಟಾಸ್ಕ್‌ಬಾರಿನಲ್ಲಿ ಅದರ ಗುಂಡಿ ಮಿನುಗುತ್ತದೆ, ಅಷ್ಟೆ. ಬೀಗದ ಅವಧಿ 2,00,000 ಮಿಲಿಸೆಕೆಂಡು, ಅಂದರೆ 200 ಸೆಕೆಂಡು. ಆದರೆ ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರೂ ಇರುತ್ತಾರಲ್ಲ! ಕೆಲವು ತಂತ್ರಾಂಶಗಳು ತಮ್ಮ ಇನ್‌ಪುಟ್ ಸರದಿಯನ್ನು ಮುಂದಿರುವ ವಿಂಡೊದ ಸರದಿಗೆ ಜೋಡಿಸಿಕೊಂಡು ಬೀಗ ದಾಟಿದವು.

2004ರ ಫೆಬ್ರುವರಿಯಲ್ಲಿ ಬಂದ, ಲಿನಕ್ಸ್ ಬಳಕೆದಾರರ ಕೆಡಿಇ 3.2 ಬೇರೆ ದಾರಿ ಹಿಡಿಯಿತು. ಯಾವ ವಿಂಡೊ ನಿಮಗೆ ಬೇಕೆಂದು ಗಣಕ ಊಹಿಸುವುದು ಹೇಗೆ? ನಿಮ್ಮ ಕೈ ಕೊನೆಗೆ ಎಲ್ಲಿ ಆಡಿತೆಂದು ನೋಡಿ! ನೀವು ಒಂದು ಐಕಾನ್ ಒತ್ತಿದಿರಿ; ಆ ಕ್ಷಣ ದಾಖಲಾಯಿತು. ತಂತ್ರಾಂಶ ತೆರೆದುಕೊಳ್ಳಲು 20 ಸೆಕೆಂಡು ಬೇಕು. ಅಷ್ಟರಲ್ಲಿ ನೀವು ಪತ್ರ ಬರೆಯತೊಡಗಿದಿರಿ. ಪತ್ರದ ವಿಂಡೊದಲ್ಲಿ ಒತ್ತಿದ ಕೀಲಿಯ ಸಮಯ ಐಕಾನ್ ಒತ್ತಿದ ಸಮಯಕ್ಕಿಂತ ಈಚಿನದು. ಆದ್ದರಿಂದ ಹೊಸ ವಿಂಡೊಗೆ ಫೋಕಸ್ ಸಿಗದು.

ಇಲ್ಲೊಂದು ಸ್ವಾರಸ್ಯವಿದೆ. ಈ ಸಮಯವನ್ನು ಎಕ್ಸ್ ಸರ್ವರ್ 32 ಬಿಟ್‌ಗಳಲ್ಲಿ ಮಿಲಿಸೆಕೆಂಡುಗಳಾಗಿ ಎಣಿಸುತ್ತದೆ. 2ರ 32ನೇ ಘಾತದಷ್ಟು ಮಿಲಿಸೆಕೆಂಡು ಎಂದರೆ ಎಷ್ಟು ದಿನ? ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ: ಸುಮಾರು 49.7. ಆಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ದೊಡ್ಡ ಸಂಖ್ಯೆಯೇ ಈಚಿನದೆಂದು ನಂಬಿದರೆ ಐವತ್ತನೆಯ ದಿನ ಎಡವಟ್ಟು; ಗಡಿಯಾರದಲ್ಲಿ 12ರ ನಂತರ 1 ಬರುವಂತೆ, ವ್ಯತ್ಯಾಸ ನೋಡಿ ನಿರ್ಧರಿಸಬೇಕು.

ಬಿಗಿ ಹೆಚ್ಚಾದರೆ ನೀವೇ ಕರೆದ ವಿಂಡೊವೂ ಹಿಂದೆ ಅಡಗೀತು. ಹೀಗಾಗಿ ಕೆಡಿಇ, ಬಿಗಿಯ ಮಟ್ಟವನ್ನು ಬಳಕೆದಾರರೇ ಆರಿಸಿಕೊಳ್ಳಲು ಬಿಟ್ಟಿತು. ಎಕ್ಸ್‌ನ ಉತ್ತರಾಧಿಕಾರಿ ವೇಲ್ಯಾಂಡ್‌ಗೆ 2021ರಲ್ಲಿ ಸೇರಿದ ನಿಯಮದಲ್ಲಿ ಟೋಕನ್ ಪದ್ಧತಿಯಿದೆ. ಮುಂದೆ ಬರಬಯಸುವ ವಿಂಡೊ ಟೋಕನ್ ತೋರಿಸಬೇಕು; ತೋರಿಸಿದರೂ ಒಳಗೆ ಬಿಡುವುದು, ಬಿಡದಿರುವುದು ತೆರೆಯನ್ನು ನಿರ್ವಹಿಸುವ ತಂತ್ರಾಂಶಕ್ಕೆ ಸೇರಿದ್ದು.