ಮದ್ದು

‘ಹಿತ್ತಲ ಗಿಡ ಮದ್ದಲ್ಲ’ ಎನ್ನುವಾಗ ಮದ್ದು ಔಷಧ. ‘ಮದ್ದುಗುಂಡು’ ಎನ್ನುವಾಗ ಅದೇ ಮದ್ದು ಕೋವಿಗೆ ತುಂಬುವ ಕರಿಪುಡಿ. ಹಳಗನ್ನಡದಲ್ಲಿ ಇದು ‘ಮರ್ದು’. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಇದರ ಒಡಹುಟ್ಟುಗಳು. ಅಲ್ಲೂ ಎರಡರ್ಥ ಉಂಟು. ದೂರದ ಚೀನೀಯರೂ ಈ ಪುಡಿಯನ್ನು ಕರೆದದ್ದು ‘ಬೆಂಕಿಯ ಔಷಧ’ ಎಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಅರೆದು ಬೆರೆಸಿದರೆ ಕರಿಮದ್ದು. ಗಂಧಕ ವೈದ್ಯರಿಗೂ ಬೇಕಾದದ್ದು, ಹಾಗಾಗಿ ಹೆಸರು ಸಹಜವಾಗಿಯೇ ಕೂತಿದೆ.

1791ರ ಡಿಸೆಂಬರ್ 21ರಂದು ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಮಾಗಡಿಯ ಸಾವನದುರ್ಗವನ್ನು ಕಿತ್ತುಕೊಂಡಾಗ ಎರಡೂ ಕಡೆ ಉರಿದದ್ದು ಈ ಕರಿಮದ್ದೇ. ಆಗ ಕೋವಿಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸರಳಿನಿಂದ ಜಡಿಯಬೇಕಿತ್ತು. 19ನೇ ಶತಮಾನದಲ್ಲಿ ಮದ್ದೂ ಗುಂಡೂ ಹಿತ್ತಾಳೆಯ ತೋಟಾದೊಳಗೆ ಸೇರಿದವು. ಕೊಳವೆಯ ಹಿಂಬದಿಯಲ್ಲಿ ತೋಟಾಕ್ಕೆ ಸರಿಯಾಗಿ ಹೊಂದುವ ಗೂಡು ಬೇಕಾಯಿತು. ಗೂಡು ಹಿಗ್ಗಿದ್ದರೆ ತೋಟಾ ಸೀಳುತ್ತದೆ, ಬಿಗಿಯಾಗಿದ್ದರೆ ಕರಿಮದ್ದು ಬಿಟ್ಟ ಮಸಿಯಿಂದ ಮುಂದಿನ ತೋಟಾ ಒಳಗೇ ಹೋಗದು. ಮುಂದೆ ಹೊಗೆ ಕಾರದ ಪುಡಿ ಬಂತು. ಕನ್ನಡ ಅದನ್ನೂ ಮದ್ದೆಂದೇ ಕರೆಯಿತು.

ರಾಮನಗರ, ಕನಕಪುರದ ಬಂಡೆಸೀಮೆಯಲ್ಲಿ ಕಲ್ಲು ಸಿಡಿಸುವುದೂ ಮದ್ದೇ. ಇದೇ ಸೀಮೆಯ ಚನ್ನಪಟ್ಟಣದ ಮೂಲಕ ಹಾಯುವ ಮೈಸೂರು ರೈಲುದಾರಿಯ ಜೋಡಿಹಳಿಗಾಗಿ, 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆಯೊಂದನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಅದನ್ನು ಶಸ್ತ್ರಾಗಾರ ಎಂದು ಬರೆಯುವವರು ಹಲವರು. ಮದ್ದಿನಮನೆ ಎಂಬುದೇ ನಮ್ಮ ಮಾತು, ಅದನ್ನೇ ಬರೆಯೋಣ.