ಅಜ್ಜನ ಅಭ್ಯಾಸದ ಕಾಲಂ: ನ್ಯೂಯಾರ್ಕ್ ಪೂರ್‌ಹೌಸ್ ದಾಖಲೆಗಳಲ್ಲಿ ಪೂರ್ವಜರನ್ನು ಓದುವ ಬಗೆ

ನ್ಯೂಯಾರ್ಕ್ ರಾಜ್ಯದ ಧರ್ಮಾದಾಯ ಮಂಡಳಿಯ ಕಾರ್ಯದರ್ಶಿಯಾಗಿದ್ದ ಡಾ. ಚಾರ್ಲ್ಸ್ ಹಾಯ್ಟ್ 1877ರಲ್ಲಿ ಒಂದು ವರದಿ ಹೊರತಂದರು. ನಿರ್ಗತಿಕರಿಗಾಗಿ ಕೌಂಟಿಗಳು ನಡೆಸುತ್ತಿದ್ದ ಪೂರ್‌ಹೌಸ್‌ಗಳಲ್ಲಿದ್ದ 12,614 ಜನರನ್ನು ಕುರಿತ ವಿಚಾರಣೆ ಅದು. ಸೋಮಾರಿತನ, ಕುಡಿತ, ದುಂದುಗಾರಿಕೆಗಳೇ ಈ ಜನರ ಬಡತನಕ್ಕೆ ಮೂಲ, ಅವು ಬಹುಮಟ್ಟಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದವು ಎಂಬುದು ಹಾಯ್ಟ್ ಮುಟ್ಟಿದ ತೀರ್ಮಾನ. ಇಂದಿನ ಚರಿತ್ರಕಾರರು ಇದನ್ನು ಒಪ್ಪುವುದಿಲ್ಲ. ಆದರೆ ಆ ವಿಚಾರಣೆಗಾಗಿ ಸಿದ್ಧಪಡಿಸಿದ ಪ್ರಶ್ನೆಗಳ ನಮೂನೆ ಉಳಿದುಕೊಂಡಿತು. 1875ರಿಂದ 1921ರವರೆಗೆ ಅದೇ ಮಾದರಿಯಲ್ಲಿ ತುಂಬಿದ ಹಾಳೆಗಳು ರಾಜ್ಯದ ಪತ್ರಾಗಾರದಲ್ಲಿವೆ, ತಮ್ಮ ಹಿರಿಯರನ್ನು ಹುಡುಕುವವರು ಮೊದಲು ತೆರೆಯುವುದು ಅವನ್ನೇ. ಹಾಯ್ಟ್‌ರ ತೀರ್ಮಾನವನ್ನು ಕೈಬಿಟ್ಟ ನಾವು ಅವರ ಕಾಲಂಗಳನ್ನು ಮಾತ್ರ ಹಾಗೆಯೇ ನಂಬುತ್ತಿದ್ದೇವೆ ಎಂಬುದು ನನ್ನ ತಕರಾರು.

ಹಿನ್ನೆಲೆಯಲ್ಲಿ ವಿವಾದವೇನಿಲ್ಲ. 1824ರ ಕಾಯಿದೆಯ ನಂತರ ನ್ಯೂಯಾರ್ಕಿನ ಕೌಂಟಿಗಳಲ್ಲಿ ಪೂರ್‌ಹೌಸ್‌ಗಳು ಎದ್ದವು. ಅಲ್ಲಿಗೆ ಬಂದವರಲ್ಲಿ ಅನೇಕರು ಕೆಲಸ ತಪ್ಪಿದಾಗಲೋ ಕಾಯಿಲೆ ಬಿದ್ದಾಗಲೋ ಕೆಲಕಾಲ ತಂಗಿ ಹೊರಟುಹೋದವರು ಎಂಬುದನ್ನು ಮೈಕೆಲ್ ಕ್ಯಾಟ್ಜ್ 1980ರ ದಶಕದ ತಮ್ಮ ಪುಸ್ತಕಗಳಲ್ಲಿ ಸ್ಥಾಪಿಸಿದರು. ಅದನ್ನು ಇಲ್ಲಿ ಮತ್ತೆ ಸಾಧಿಸಬೇಕಾಗಿಲ್ಲ.

ವಂಶ ಹುಡುಕುವವರಿಗೆ ಇದರಿಂದ ಸಿಗುವ ಪಾಠ ಮಾತ್ರ ಸಾಕಷ್ಟು ಚರ್ಚೆಯಾಗಿಲ್ಲ. ಒಂದು ಪೂರ್‌ಹೌಸಿನಲ್ಲಿ ಹನ್ನೆರಡು ಹಾಸಿಗೆಗಳಿವೆ ಎನ್ನೋಣ. ಹತ್ತರಲ್ಲಿ ವರ್ಷವಿಡೀ ಅದೇ ಮುದುಕ ಮುದುಕಿಯರು, ಉಳಿದೆರಡರಲ್ಲಿ ತಿಂಗಳಿಗೊಬ್ಬರಂತೆ ಹೊಸಬರು. ಯಾವ ದಿನ ಎಣಿಸಿದರೂ ಹನ್ನೆರಡರಲ್ಲಿ ಹತ್ತು ಮಂದಿ ವೃದ್ಧರೇ. ವರ್ಷದ ಲೆಕ್ಕ ಹಿಡಿದರೆ ಮೂವತ್ತನಾಲ್ಕು ಜನರಲ್ಲಿ ಇಪ್ಪತ್ತನಾಲ್ಕು ಮಂದಿ ಬಂದು ಹೋದವರು. ಹಾಯ್ಟ್‌ರ ಮೂಲ ವಿಚಾರಣೆ ಮೊದಲನೆಯ ಬಗೆಯದು, ಆಗ ಒಳಗಿದ್ದವರ ಎಣಿಕೆ. 1875ರ ನಂತರದ ಹಾಳೆಗಳು ಹೊಸದಾಗಿ ಸೇರಿದವರವು. ಒಂದೇ ಸರಣಿಯಲ್ಲಿ ಕೂಡಿಕೊಂಡಿರುವ ಇವೆರಡನ್ನೂ ಬೇರ್ಪಡಿಸದೆ ಓದಿದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಜನಗಣತಿಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಮ್ಯಾಸಚೂಸೆಟ್ಸ್‌ನ ಒಬ್ಬ ಹುಡುಗನನ್ನು ನೋಡಬೇಕು. ಹೆಲೆನ್ ಕೆಲ್ಲರ್‌ಗೆ ಗುರುವಾದ ಆನಿ ಸಲಿವನ್ ನಮ್ಮ ಓದುಗರಿಗೂ ಗೊತ್ತು. 1876ರ ಫೆಬ್ರವರಿಯಲ್ಲಿ ಆಕೆಯನ್ನೂ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿಯ ಆಸರೆಮನೆಗೆ ಸೇರಿಸಿದರು. ಸೊಂಟಕ್ಕೆ ಕ್ಷಯ ತಗುಲಿದ್ದ ಜಿಮ್ಮಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ಒಂದು ರಾತ್ರಿ ಎಚ್ಚರಗೊಂಡ ಅಕ್ಕ ಪಕ್ಕಕ್ಕೆ ಕೈ ಚಾಚಿದರೆ ತಮ್ಮನ ಹಾಸಿಗೆಯೇ ಅಲ್ಲಿರಲಿಲ್ಲ, ಹೆಣದ ಕೋಣೆಗೆ ಹೋಗಿತ್ತು. ಆನಿ ಅಲ್ಲಿದ್ದದ್ದು 1880ರ ಅಕ್ಟೋಬರಿನವರೆಗೆ, ಆ ವರ್ಷದ ಗಣತಿ ಜೂನ್‌ನಲ್ಲೇ ನಡೆದಿತ್ತು. ಜಿಮ್ಮಿಯ ಪೂರ್‌ಹೌಸ್ ದಿನಗಳಾದರೋ 1870 ಮತ್ತು 1880ರ ಗಣತಿಗಳ ನಡುವೆಯೇ ಮುಗಿದುಹೋದವು. ಸೇರ್ಪಡೆಯ ರಿಜಿಸ್ಟರು, ಮರಣದ ನಮೂದು, ಇವೆರಡನ್ನು ಬಿಟ್ಟರೆ ಆ ಮಗು ಅಲ್ಲಿತ್ತೆನ್ನಲು ಕಚೇರಿಯ ಕಾಗದವಿಲ್ಲ. ಮುಂದಿನ ದಶಕದ ಪಾಡು ಇನ್ನೂ ಕಷ್ಟದ್ದು. 1890ರ ಗಣತಿಯ ಹಾಳೆಗಳು 1921ರ ಬೆಂಕಿ ಅನಾಹುತದ ನಂತರ ಹೆಚ್ಚುಕಡಿಮೆ ಪೂರ್ತಿ ನಷ್ಟವಾದವು. ಹೀಗಾಗಿಯೇ ನ್ಯೂಯಾರ್ಕಿನ ಈ ನಮೂನೆಗಳಿಗೆ ಇಷ್ಟು ಬೆಲೆ.

ಇನ್ನು ಮುಖ್ಯ ವಿವಾದಕ್ಕೆ ಬರೋಣ. ಈ ಹಾಳೆಯಲ್ಲಿ ಹೆಸರು, ವಯಸ್ಸು, ಹುಟ್ಟಿದ ಊರು, ಅಮೆರಿಕಕ್ಕೆ ಬಂದು ಎಷ್ಟು ವರ್ಷ, ಯಾವ ಬಂದರಿನಲ್ಲಿ ಇಳಿದದ್ದು ಇತ್ಯಾದಿ ಇವೆ. ಜೊತೆಗೆ ಬಂಧುಗಳ ವಿಚಾರಣೆಯೂ ಇದೆ: ತಂದೆ ತಾಯಿಯರ ಅಭ್ಯಾಸಗಳೇನು, ಹಿಂದಿನವರಲ್ಲಿ ಪರರ ಆಸರೆಯಲ್ಲಿ ಬದುಕಿದವರಿದ್ದರೇ? ಕೊನೆಯಲ್ಲಿ, ಈ ವ್ಯಕ್ತಿ ಈ ಸ್ಥಿತಿಯಿಂದ ಹೊರಬರುವ ಸಂಭವವೆಷ್ಟು ಎಂಬ ಪ್ರಶ್ನೆ. ಮೊದಲ ಗುಂಪಿನ ವಿವರಗಳನ್ನು ಹಡಗಿನ ಪಟ್ಟಿ, ಚರ್ಚಿನ ಪುಸ್ತಕಗಳ ಜೊತೆ ತಾಳೆ ನೋಡಬಹುದು. ಕೊನೆಯದು ಮೇಲ್ವಿಚಾರಕನ ಭವಿಷ್ಯವಾಣಿ ಎಂದು ಯಾರಿಗಾದರೂ ತಿಳಿಯುತ್ತದೆ. ಮೋಸಹೋಗುವುದು ನಡುವಿನದರಲ್ಲಿ. ‘ಕುಡುಕ’ ಎಂಬ ಒಂದು ಪದ ಮುತ್ತಜ್ಜನ ಬಗ್ಗೆ ಸಿಕ್ಕಿದ ಏಕೈಕ ಸಂಗತಿಯಾಗಿ ವಂಶವೃಕ್ಷಕ್ಕೆ ಏರಿಬಿಡುತ್ತದೆ.

ಆ ಪದ ಹುಟ್ಟಿದ ಗಳಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಐರ್ಲೆಂಡಿನಿಂದ ಬಂದ ಒಬ್ಬ ಮುದುಕಿ, ಮೇಜಿನಾಚೆ ಲೇಖನಿ ಹಿಡಿದ ಅಧಿಕಾರಿ. ಆಕೆಯ ತಂದೆ ಸತ್ತು ಮೂವತ್ತು ವರ್ಷವಾಗಿದೆ, ಸಮುದ್ರದಾಚೆ. ಅವನನ್ನು ಬಲ್ಲವರು ಆ ಕೌಂಟಿಯಲ್ಲಿ ಆಕೆಯೊಬ್ಬಳೇ. ಕೇಳಿದ್ದು ಮಿತವ್ಯಸನಿಯೋ ಅತಿವ್ಯಸನಿಯೋ ಎಂದು. ಆಲೂಗಡ್ಡೆ ಬೆಳೆ ಕೊಳೆತದ್ದು, ಒಡೆಯ ಮನೆ ಬಿಡಿಸಿದ್ದು ಬರೆಯಲು ಅಲ್ಲಿ ಕಾಲಂ ಇಲ್ಲ. ಆಕೆ ಏನೇ ಹೇಳಿರಲಿ, ಹಾಳೆಗೆ ಇಳಿಯಬಲ್ಲದ್ದು ಆ ಎರಡರಲ್ಲಿ ಒಂದು. ಮನೆಮನೆಗೆ ಬಂದು ವಂಶಾವಳಿ ಹೇಳುವ ನಮ್ಮ ಹೆಳವರಾದರೋ ಅದನ್ನು ಹೇಳುವುದು ಆಯಾ ಮನೆಯ ಜಗಲಿಯ ಮೇಲೆಯೇ. ಹೆಸರು ತಪ್ಪಿದರೆ ಮನೆಯ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ಪೂರ್‌ಹೌಸಿನ ವಂಶಾವಳಿಯನ್ನು ತಿದ್ದುವ ಹಕ್ಕು ಹೇಳಿದವಳಿಗಿರಲಿಲ್ಲ.

ಹಾಗಾದರೆ ಈ ಕಾಲಂಗಳನ್ನು ಪೂರ್ತಿ ಬಿಟ್ಟುಬಿಡಬೇಕೇ? ಬೇಡ ಎನ್ನುತ್ತೇನೆ. ತುಂಬಿದ ಕಾಲಂಗಿಂತ ಖಾಲಿ ಬಿಟ್ಟ ಕಾಲಂ ಕೆಲವೊಮ್ಮೆ ಹೆಚ್ಚು ಪ್ರಾಮಾಣಿಕ ಸಾಕ್ಷಿಯಾಗಬಹುದು. ‘ಗೊತ್ತಿಲ್ಲ’ ಎಂದ ಬಾಯಿಗೆ ಅಧಿಕಾರಿ ಉತ್ತರ ತುರುಕಲಿಲ್ಲ ಎಂಬುದಕ್ಕೆ ಅದು ಗುರುತಾಗಿರಬಹುದು. ಈ ಮಾತನ್ನು ಹಲವು ಷರತ್ತುಗಳೊಡನೆಯೇ ಆಡುತ್ತಿದ್ದೇನೆ. ಖಾಲಿ ಜಾಗಕ್ಕೆ ಬರೆಯುವವನ ಆಲಸ್ಯವೂ ಕಾರಣವಿರಬಹುದು. ಆದ್ದರಿಂದ ಒಂದೇ ಹಾಳೆ ಸಾಲದು, ಅದೇ ಕೈಬರಹದ, ಅದೇ ತಿಂಗಳ ಹಿಂದುಮುಂದಿನ ಹಾಳೆಗಳನ್ನೂ ನೋಡಬೇಕು. ಎಲ್ಲೆಡೆ ಖಾಲಿಯಿದ್ದರೆ ಅದರಿಂದ ಏನೂ ಸಿದ್ಧವಾಗದು. ಉಳಿದವರದು ತುಂಬಿ ಈಕೆಯದು ಮಾತ್ರ ಖಾಲಿಯಿದ್ದರೆ ನಿಂತು ಯೋಚಿಸಬೇಕು. ಆಗಲೂ ಆಕೆ ಬೇಕೆಂದೇ ಬಾಯಿಮುಚ್ಚಿದಳೇ, ಜ್ವರದಲ್ಲಿದ್ದಳೇ, ಭಾಷೆ ತಿಳಿಯಲಿಲ್ಲವೇ ಎಂಬ ಪ್ರಶ್ನೆಗಳು ಉಳಿದೇ ಉಳಿಯುತ್ತವೆ.

ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಮೂದು ನಿಜವೇ ಆಗಿದ್ದರೆ? ಆನಿಯ ತಂದೆ ಕುಡಿಯುತ್ತಿದ್ದ, ಆಕೆಯ ಜೀವನಚರಿತ್ರೆ ಅದನ್ನು ಮುಚ್ಚಿಡುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹಾಯ್ಟ್‌ರ ನಮೂನೆ ಇರಲಿಲ್ಲ, ಇದ್ದಿದ್ದರೆ ಆ ಕಾಲಂ ಸರಿಯಾಗಿಯೇ ತುಂಬುತ್ತಿತ್ತು. ಆದರೆ ಆಕೆಯ ಕಣ್ಣು ಕಸಿದದ್ದು ಟ್ರಕೋಮ, ತಾಯಿಯನ್ನು ಒಯ್ದದ್ದು ಕ್ಷಯ. ಅವೆರಡೂ ಸೋಂಕುಗಳು, ರಕ್ತದಲ್ಲಿ ಇಳಿದುಬಂದ ಗುಣಗಳಲ್ಲ. ನಿಜವಾದ ನಮೂದೂ ಕಾರಣದ ಜಾಗದಲ್ಲಿ ಕೂತಾಗ ಸುಳ್ಳಾಗುತ್ತದೆ. ‘ಚೇತರಿಕೆಯ ಸಂಭವ’ದ ಕಾಲಂನಲ್ಲಿ ಆ ಕುರುಡು ಹುಡುಗಿಗೆ ಏನು ಬರೆಯುತ್ತಿದ್ದರು? 1886ರಲ್ಲಿ ಆಕೆ ಪರ್ಕಿನ್ಸ್ ಅಂಧರ ಶಾಲೆಯಿಂದ ತನ್ನ ತರಗತಿಗೇ ಮೊದಲಿಗಳಾಗಿ ಹೊರಬಂದಳು.

ಇಲ್ಲಿ ಸೂಚಿಸಿದ ಓದು ಎಲ್ಲ ಕೌಂಟಿಗಳಿಗೂ ಹೊಂದುತ್ತದೆ ಎನ್ನಲಾರೆ. ಒಂದೊಂದು ಪೂರ್‌ಹೌಸಿನ ಹಾಳೆಗಳನ್ನು ಮೇಲ್ವಿಚಾರಕರ ಕೈಬರಹದ ಪ್ರಕಾರ ವಿಂಗಡಿಸಿ, ಖಾಲಿ ಕಾಲಂಗಳನ್ನು ಎಣಿಸಿದ ಮೇಲಷ್ಟೇ ಈ ಊಹೆ ನಿಲ್ಲುವುದೋ ಬೀಳುವುದೋ ತಿಳಿದೀತು. ಎರಡು ಮೂರು ಸಲ ಬಂದುಹೋದ ಒಬ್ಬರೇ ವ್ಯಕ್ತಿಯ ಹಾಳೆಗಳು ಸಿಕ್ಕರೆ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ, ಪ್ರತಿ ಸಲವೂ ಅದೇ ತಂದೆಗೆ ಅದೇ ಅಭ್ಯಾಸ ಬರೆದಿದ್ದಾರೆಯೇ ಎಂದು ನೋಡಬಹುದು. ಮದುವೆಯಿಂದ ಹೆಸರು ಬದಲಾದ ಹೆಂಗಸರ ವಿಷಯದಲ್ಲಿ ಈ ಜೋಡಣೆ ಹೇಗೆ ಸಾಧ್ಯವೆಂಬುದು ನನಗೂ ಇನ್ನೂ ಬಗೆಹರಿದಿಲ್ಲ.